ಸಂಗಮದ ಗಣಿತ ಹೇಳಿಕೊಟ್ಟ ರಾಬಿನ್ ಮಿಲ್ನರ್

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಾನು ಪರಿಚಯಿಸಬಯಸುವ ಮಹನೀಯರು ಇಂಗ್ಲೆಂಡಿನ ಕಂಪ್ಯೂಟರ್ ವಿಜ್ಞಾನಿ ರಾಬಿನ್ ಮಿಲ್ನರ್. ನಮ್ಮ ಕಕ್ಕೇರಾದಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಆದರೆ ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ದಿನವೂ ಎದುರಾಗುವ ಪ್ರಶ್ನೆಯೊಂದಕ್ಕೆ ದಾರಿ ತೋರಿದವರು ಅವರೇ.

ಮಿಲ್ನರ್ 1934ರ ಜನವರಿ 13ರಂದು ಪ್ಲಿಮತ್ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿದರು. ಸೈನ್ಯದಲ್ಲಿ ಕಡ್ಡಾಯ ಸೇವೆ ಮುಗಿಸಿ ಕೇಂಬ್ರಿಜ್‌ನಲ್ಲಿ ಗಣಿತ ಓದಿದರು. ಅಲ್ಲಿ ಮೊದಲ ಸಲ ಪ್ರೋಗ್ರಾಮಿಂಗ್ ಕಲಿತಾಗ ಅದು ಅವರಿಗೆ ಹಿಡಿಸಲೇ ಇಲ್ಲ. ಲಂಡನ್ನಿನ ಶಾಲೆಯೊಂದರಲ್ಲಿ ಕೆಲಕಾಲ ಗಣಿತದ ಮಾಸ್ತರರಾಗಿದ್ದು, 1960ರಲ್ಲಿ ಫೆರಾಂಟಿ ಕಂಪನಿ ಸೇರಿ ಅದೇ ಪ್ರೋಗ್ರಾಮಿಂಗ್ ಕೆಲಸಕ್ಕೆ ಇಳಿದರು. ಮುಂದೆ 1973ರಿಂದ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತ ಹೆಸರಾದರು. ಪಿಎಚ್.ಡಿ. ಅವರು ಮಾಡಲೇ ಇಲ್ಲ.

ಅವರು ಹಿಡಿದ ಸಮಸ್ಯೆ ಏನು? ಬೆಂಗಳೂರು ಬಸ್ಸಿನಲ್ಲಿ ಒಂದೇ ಸೀಟು ಉಳಿದಿದೆ ಎನ್ನಿ. ಸುರಪುರದಲ್ಲೊಬ್ಬರು, ಶಹಾಪುರದಲ್ಲೊಬ್ಬರು ಒಂದೇ ಗಳಿಗೆಗೆ ಮೊಬೈಲಿನಲ್ಲಿ ಬುಕ್ ಮಾಡುತ್ತಾರೆ. ಇಬ್ಬರ ಪ್ರೋಗ್ರಾಮೂ ಸೀಟು ಖಾಲಿ ಇದೆ ಎಂದು ನೋಡಿಕೊಂಡು ಹಣ ತೆಗೆದುಕೊಂಡರೆ, ಬಸ್ ಸ್ಟ್ಯಾಂಡಿನಲ್ಲಿ ಜಗಳ ಖಚಿತ. ಒಂದೊಂದನ್ನೇ ಪರೀಕ್ಷಿಸಿದರೆ ಎರಡರಲ್ಲೂ ತಪ್ಪು ಸಿಗದು. ಎರಡು ಕೆಲಸಗಳಿಗೆ ತಲಾ 10 ಹೆಜ್ಜೆ ಇದ್ದರೆ, ಅವು ಒಂದರೊಳಗೊಂದು ಬೆರೆಯುವ ಕ್ರಮಗಳು 1,84,756. ಎಲ್ಲವನ್ನೂ ಪರೀಕ್ಷಿಸುವವರು ಯಾರು?

1980ರಲ್ಲಿ ಮಿಲ್ನರ್ ಸಿಸಿಎಸ್ ಎಂಬ ಗಣಿತವನ್ನು ಪುಸ್ತಕವಾಗಿ ತಂದರು. ಏಕಕಾಲಕ್ಕೆ ನಡೆಯುತ್ತ ತಮ್ಮತಮ್ಮಲ್ಲಿ ಸಂದೇಶ ಕೊಟ್ಟು ತೆಗೆದುಕೊಳ್ಳುವ ಕೆಲಸಗಳನ್ನು ಬೀಜಗಣಿತದಂತೆ ಬರೆದು ಲೆಕ್ಕ ಹಾಕುವ ವಿಧಾನವದು. ಅದರಲ್ಲಿ ಅವರು ವಿವರಿಸಿದ ಒಂದು ಗುಣ ಕಾನ್‌ಫ್ಲುಯೆನ್ಸ್, ಅಂದರೆ ಸಂಗಮ. ಎರಡು ಹೆಜ್ಜೆಗಳಲ್ಲಿ ಯಾವುದನ್ನು ಮೊದಲು ಇಟ್ಟರೂ ಇನ್ನೊಂದಕ್ಕೆ ಅಡ್ಡಿಯಾಗದೆ, ಎರಡು ದಾರಿಗಳೂ ಕೊನೆಗೆ ಒಂದೇ ಕಡೆ ಕೂಡಬೇಕು. ಶಾಲೆಯಲ್ಲಿ ಒಬ್ಬರು ಗಂಡುಮಕ್ಕಳ ಹಾಜರಿ, ಇನ್ನೊಬ್ಬರು ಹೆಣ್ಣುಮಕ್ಕಳ ಹಾಜರಿ ತೆಗೆದರೆ, ಯಾರು ಮೊದಲು ಮುಗಿಸಿದರೂ ಒಟ್ಟು ಅಷ್ಟೇ. ಈ ಗುಣ ಇದೆಯೆಂದು ಸಾಧಿಸಿಬಿಟ್ಟರೆ ಅಷ್ಟೂ ಕ್ರಮ ನೋಡಬೇಕಿಲ್ಲ, ಒಂದನ್ನು ನೋಡಿದರೆ ಸಾಕು. ಸೀಟಿನ ಲೆಕ್ಕದಲ್ಲಿ ಈ ಗುಣ ಇಲ್ಲ. ಅಂಥ ಕಡೆಯೇ ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರನ್ನು ತಡೆದು ನಿಲ್ಲಿಸಬೇಕು. ಎಲ್ಲಿ ಕಾವಲು ಬೇಕು, ಎಲ್ಲಿ ಬೇಡ ಎಂಬ ಈ ವಿವೇಕವೇ ನಮ್ಮ ಕಸುಬಿಗೆ ಅವರಿಂದ ಬಂದ ದೊಡ್ಡ ಲಾಭ.

ಇಂದಿನ ಪ್ರೋಗ್ರಾಮುಗಳಲ್ಲಿ ಆಬ್ಜೆಕ್ಟುಗಳಿರುತ್ತವೆ. ತನ್ನ ಖಾತೆಪುಸ್ತಕವನ್ನು ತಾನೇ ಇಟ್ಟುಕೊಂಡು, ಕೇಳಿದವರಿಗೆ ಉತ್ತರ ಕೊಡುವ ಗುಮಾಸ್ತನಂತೆ ಒಂದೊಂದು ಆಬ್ಜೆಕ್ಟು. 1992ರಲ್ಲಿ ಮಿಲ್ನರ್, ಯೋಕಿಮ್ ಪಾರೋ, ಡೇವಿಡ್ ವಾಕರ್ ಪ್ರಕಟಿಸಿದ ಪೈ ಕ್ಯಾಲ್ಕುಲಸ್ ಇಂಥವನ್ನೂ ಲೆಕ್ಕದೊಳಗೆ ತಂದಿತು. ಇಂಥ ಗುಮಾಸ್ತರು ಹಲವರು ಒಟ್ಟಿಗೆ ದುಡಿದರೂ ಫಲ ಕೆಡುವುದಿಲ್ಲವೆಂದು ತೋರಿಸಲು ಲಿಯು ಶಿನ್‌ಶಿನ್ ಮತ್ತು ವಾಕರ್ 1995ರಲ್ಲಿ ಸಂಗಮದ ಗುಣವನ್ನೇ ಬಳಸಿದರು.

ಮಿಲ್ನರ್ ಅವರಿಗೆ 1991ರಲ್ಲಿ ಕಂಪ್ಯೂಟರ್ ಕ್ಷೇತ್ರದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. 1995ರಲ್ಲಿ ಕೇಂಬ್ರಿಜ್‌ಗೆ ಮರಳಿದರು. ಪತ್ನಿ ಲೂಸಿ ತೀರಿಕೊಂಡ ಸ್ವಲ್ಪ ದಿನಗಳಲ್ಲೇ, 2010ರ ಮಾರ್ಚ್ 20ರಂದು ತಾವೂ ನಿಧನರಾದರು.

ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು ನಾರಾಯಣಪುರಕ್ಕೆ ಬರುವ ಕೃಷ್ಣೆಯ ಸೀಮೆಯವರು ನಾವು. ಸಂಗಮ ಎಂಬ ಮಾತು ನಮಗೆ ಹೊಸದಲ್ಲ. ಈ ಶಾಲೆಯಲ್ಲಿ ಕನ್ನಡದಲ್ಲಿ ಗಣಿತ ಕಲಿಯುತ್ತಿರುವ ತಮ್ಮ ತಂಗಿಯರಿಗೆ ನನ್ನದೊಂದೇ ಮಾತು: ಎರಡು ಕೆಲಸ ಒಟ್ಟಿಗೆ ನಡೆಯುವುದನ್ನು ಕಂಡಾಗ, ಹಿಂದುಮುಂದಾದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿರಿ. ಮಿಲ್ನರ್ ಅವರ ಗಣಿತ ಶುರುವಾಗುವುದು ಅಲ್ಲಿಂದಲೇ.