ಐನೋರ ಸಾಲಿ, ಅವ್ವನ ಹೊಲ

ಮಕ್ಕಳೇ, ನಿಮ್ಮ ಅಜ್ಜ-ಅಜ್ಜಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರಾಗಿದ್ದರೆ ಮುಂದಿನ ಸಲ ಫೋನ್ ಮಾಡಿದಾಗ ಒಂದು ಮಾತು ಕೇಳಿ: ಅವರ ಅಪ್ಪ ಯಾವ ಭಾಷೆಯಲ್ಲಿ ಸಾಲಿ ಕಲಿತರು? "ಉರ್ದು" ಅಂದರೆ ಬೆರಗಾಗಬೇಡಿ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ಹೈದರಾಬಾದ್ ನಿಜಾಮರ ಕೈಯಲ್ಲಿತ್ತು. ಕೊಪ್ಪಳ, ಯಲಬುರ್ಗಾ ಅಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಕಚೇರಿಯ ಕಾಗದ ಉರ್ದು, ದೊಡ್ಡ ಸಾಲಿಯ ಪಾಠವೂ ಉರ್ದು. ತಮಾಷೆ ನೋಡಿ: ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ, ಅಂದರೆ ಅಪ್ಪಟ ಕನ್ನಡದ, ನಾಡು ಎಂದು ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಆ ಕೊಪಣವೇ ಇಂದಿನ ಕೊಪ್ಪಳ.

ಅಂಥ ಊರಲ್ಲಿ ಕನ್ನಡ ಅಕ್ಷರ ಉಳಿದದ್ದು ಬಹುಮಟ್ಟಿಗೆ ಊರವರೇ ನಡೆಸುತ್ತಿದ್ದ ಗಾಂವಠಿ ಸಾಲಿಗಳಿಂದ. ಗುಡಿಯ ಕಟ್ಟೆ, ಮಠದ ಪಡಸಾಲೆ, ಇಲ್ಲವೇ ಪಾಠ ಹೇಳುವ ಐನೋರ ಮನೆಯ ಜಗಲಿ, ಅಷ್ಟೇ ಸಾಲಿ. ನೆಲದ ಮೇಲೆ ಉಸುಕು ಹರವಿ ಬೆರಳಿನಿಂದ ಅಕ್ಷರ ತಿದ್ದುವುದು ಮೊದಲ ಪಾಠ. ಕೈ ಕುದುರಿದ ಮೇಲೆ ಪಾಟಿ, ಪೇಣೆ. ಸಂಜೆ ಎಲ್ಲರೂ ಸೇರಿ ಗಟ್ಟಿಯಾಗಿ ಮಗ್ಗಿ ಹೇಳಬೇಕು, ಕಾಲು-ಅರ್ಧ-ಮುಕ್ಕಾಲಿನ ಮಗ್ಗಿಯೂ ಸೇರಿ. ತಪ್ಪಿದರೆ ಕೋದಂಡ, ಅಂದರೆ ಹಗ್ಗ ಹಿಡಿಸಿ ಜೋತು ಬಿಡುವ ಶಿಕ್ಷೆ. ಅದನ್ನು ನೆನೆದು ನಗುವ ಹಿರಿಯರು ಈಗಲೂ ಸಿಗುತ್ತಾರೆ. ನನಗೇನೋ ಅದು ನಗುವ ಸಂಗತಿ ಅನ್ನಿಸುವುದಿಲ್ಲ.

ಐನೋರಿಗೆ ಸಿಗುತ್ತಿದ್ದುದು ಸುಗ್ಗಿಯಲ್ಲಿ ಒಂದಿಷ್ಟು ಜೋಳ, ಹಬ್ಬಕ್ಕೆ ಕಾಯಿ-ಬೆಲ್ಲ. ಅಷ್ಟರಲ್ಲಿ ಸಂಸಾರ ನಡೆಯುವುದು ಹೇಗೆ? ಹೊಲ ಇದ್ದ ಮನೆಗಳಲ್ಲಿ ಅದನ್ನು ನಡೆಸುವ ಭಾರ ಹೆಣ್ಣುಮಕ್ಕಳ ಮೇಲೆ ಬೀಳುತ್ತಿತ್ತು. ಯಲಬುರ್ಗಾ, ಕುಕನೂರಿನ ಕಡೆ ಎರೆ ಭೂಮಿ. ಹಿಂಗಾರಿಗೆ ಬಿತ್ತಿದ ಬಿಳಿಜೋಳ ಆಮೇಲೆ ಮಳೆ ಬಾರದಿದ್ದರೂ ಮಣ್ಣಿನ ಹಸಿಯಲ್ಲೇ ಬೆಳೆದು ನಿಲ್ಲುತ್ತದೆ. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ತೆನೆ ಮುರಿಯುವುದು, ಮನೆಗೆ ಬಂದು ಎಮ್ಮೆಗೆ ಮೇವು ಹಾಕುವುದು, ಆಮೇಲೆ ಒಲೆ. ರಾಶಿಯಾದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷದ ಚಿಂತೆ ಅರ್ಧ ಕಳೆದಂತೆ. ಸಾಲಿ ಕಲಿಸಿದ ಐನೋರ ಹೆಸರು ಊರಿಗೆ ನೆನಪಿರುತ್ತದೆ. ಅವರ ಮನೆಯಾಕೆಯ ಹೆಸರು ಕೇಳಿದರೆ ಮೊಮ್ಮಕ್ಕಳೂ ತಡವರಿಸುತ್ತಾರೆ.

ಆ ಜೋಳದ ರೊಟ್ಟಿ ಬಡಿಯುವುದನ್ನು ನೀವು ವಿಡಿಯೋದಲ್ಲಿ ನೋಡಿರಬಹುದು. ಕುದಿಯುವ ಎಸರಿಗೆ ಹಿಟ್ಟು ಹಾಕಿ ನಾದಿ, ಉಂಡೆಯನ್ನು ಅಂಗೈಯಿಂದ ತಟ್ಟುತ್ತ ತಿರುಗಿಸುತ್ತಾರೆ. ಲಟ್ಟಣಿಗೆ ಇಲ್ಲ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಬೇಕು. ತಡವಾದರೆ ಒಣಗಿ ಬಿರಿಯುತ್ತದೆ. ತಿರುವಿ ಹಾಕಿ ಬೆಂಕಿಗೆ ಒಡ್ಡಿದಾಗ ಉಬ್ಬಿದರೆ ಗೆದ್ದಂತೆ.

ಇಂಥ ಸೀಮೆಯ ದ್ಯಾಂಪುರ ಎಂಬ ಸಣ್ಣ ಹಳ್ಳಿಯಲ್ಲಿ 1918ರ ಜೂನ್ 18ರಂದು ಸಿದ್ಧಯ್ಯ ಪುರಾಣಿಕರು ಹುಟ್ಟಿದರು. ಕುಕನೂರಿನ ಹತ್ತಿರದ ಈ ಊರು ಆಗ ಯಲಬುರ್ಗಾ ತಾಲೂಕಿಗೆ ಸೇರಿತ್ತು. ತಂದೆ ಪಂಡಿತ ಕಲ್ಲಿನಾಥ ಶಾಸ್ತ್ರಿಗಳು, ತಾಯಿ ದಾನಮ್ಮ. ಕನ್ನಡ, ಸಂಸ್ಕೃತ ಮನೆಯಲ್ಲೇ ಕಿವಿಗೆ ಬಿದ್ದವು. ಮುಂದೆ ಅವರು ಓದಿದ್ದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಅದು ಶುರುವಾದದ್ದೂ 1918ರಲ್ಲೇ, ಪಾಠವೆಲ್ಲ ಉರ್ದುವಿನಲ್ಲಿ. ಹುಡುಗ ಉರ್ದುವನ್ನು ಚೆನ್ನಾಗಿ ಕಲಿತ, ಕವಿತೆಯನ್ನು ಮಾತ್ರ ಕನ್ನಡದಲ್ಲಿ ಬರೆದ. ಮನೆಯಲ್ಲೊಂದು ಭಾಷೆ, ಸ್ಕೂಲಿನಲ್ಲೊಂದು ಭಾಷೆ ಇಟ್ಟುಕೊಂಡಿರುವ ನಿಮಗೆ ಈ ಹುಡುಗನ ಪಾಡು ನಮಗಿಂತ ಚೆನ್ನಾಗಿ ಅರ್ಥವಾದೀತು.

ಅವರು ಐ.ಎ.ಎಸ್. ಅಧಿಕಾರಿಯಾದರು, 'ಕಾವ್ಯಾನಂದ' ಎಂಬ ಹೆಸರಿನಲ್ಲಿ ಬರೆದರು, 1987ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಎಲ್ಲರ ಬಾಯಲ್ಲಿರುವುದು ಅವರ 'ಮೊದಲು ಮಾನವನಾಗು' ಕವಿತೆ. ಆದರೆ ನಿಮಗೆ ನಾನು ಹೇಳುವುದು ಒಂದು ಪುಸ್ತಕ, ಮಕ್ಕಳಿಗಾಗಿಯೇ ಬರೆದ 'ತುಪ್ಪಾ ರೊಟ್ಟಿ ಗೇ ಗೇ ಗೇ'. ಹೆಸರಿನಲ್ಲೇ ರೊಟ್ಟಿ ಇದೆ! ರಾಜ್ಯೋತ್ಸವಕ್ಕೆ ಏನು ಹೇಳಿಸುವುದು ಎಂದು ನಿಮ್ಮ ಅಪ್ಪ-ಅಮ್ಮ ತಲೆ ಕೆಡಿಸಿಕೊಂಡಿದ್ದರೆ ಆ ಪುಸ್ತಕ ಹುಡುಕಲು ಹೇಳಿ.

ಜನವರಿಯ ಹೊತ್ತಿಗೆ ಊರಿಗೆ ಹೋದರೆ ಕೊಪ್ಪಳದ ಗವಿಮಠದ ಜಾತ್ರೆ ತಪ್ಪಿಸಬೇಡಿ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ದಿನಗಟ್ಟಲೆ ಕೂತು ಬಡಿದ ಖಡಕ್ ರೊಟ್ಟಿಗಳು ಟ್ರ್ಯಾಕ್ಟರ್‌ಗಳಲ್ಲಿ ಮೆರವಣಿಗೆಯಾಗಿ ದಾಸೋಹಕ್ಕೆ ಬರುತ್ತವೆ, ಲಕ್ಷಗಟ್ಟಲೆ. ಬಿಡುವಿದ್ದರೆ ಕುಕನೂರಿನ ಕಡೆಗೂ ಹೋಗಿ ಬನ್ನಿ. ಹತ್ತಿರದಲ್ಲೇ 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ಗುಡಿ ಇದೆ. ಜಾತ್ರೆಯ ಊಟಕ್ಕೆ ಕೂತಾಗ ಸಿಹಿ ಮಾದ್ಲಿ ಬಡಿಸುವವರು ಬಂದರೆ ಬೇಡ ಅನ್ನಬೇಡಿ, ಹಾಲು ಹಾಕಿಸಿಕೊಂಡು ತಿನ್ನಿ.