ಪದಕದ ಮೇಲೆ ಹಾವಿದ್ದರೆ ಸರ್ಪದೋಷವೇ?

ಪ್ರಶ್ನೆ: ನಮ್ಮತ್ತಿಯವರ ಚೊಚ್ಚಲ ಹೆರಿಗೆ ಬಹಳ ಕಷ್ಟ ಆಗಿತ್ತಂತೆ. ಆಗ ಮಂಗಳೂರು ಕಡೆಯ ಕ್ರಿಶ್ಚನ್ ನರ್ಸಬಾಯಿ ಒಬ್ಬರು ಬೆಳ್ಳಿಯ ಸಣ್ಣ ಪದಕ ಕೊಟ್ಟಿದ್ದರು. ಅತ್ತಿ ಅದನ್ನ ಕಡೀತನಕ ಜ್ವಾಕಿ ಮಾಡಿ, ನಾಲ್ಕು ವರ್ಷದ ಹಿಂದೆ ಮೊಮ್ಮಗನ ಮದುವಿಯಾಗ ನನ್ನ ಸೊಸಿ ಕೈಯಾಗ ಇಟ್ಟು ಹರಸಿದರು. ಹೋದ ವರ್ಷ ತೀರಿಕೊಂಡರು. ಪದಕದಾಗ ಒಬ್ಬ ಹೆಣ್ಣುಮಗಳು ಹಾವು ತುಳಿದು ನಿಂತಾಳ. ಹಿಂದ ಶಿಲುಬೆ, ಎರಡು ಹೃದಯ, ಚುಕ್ಕಿ ಅದಾವು. ಸೊಸಿಗೆ ಇನ್ನೂ ಮಕ್ಕಳಾಗಿಲ್ಲ. ಇದರಿಂದಲೇ ಸರ್ಪದೋಷ ಹತ್ತೇತಿ, ಶಿಂಗಟಾಲೂರಿಗೆ ಹೋದಾಗ ಹೊಳಿಗೆ ಒಗೆದು ಬಾ ಅಂತ ನಮ್ಮ ನೆಗೆಣ್ಣಿ ಹೇಳತಾರ. ಸೊಸಿ ಅಳತಾಳ. ಅತ್ತಿಯವರ ವರ್ಷಾಂತ ಹತ್ತಿರ ಬಂದೈತಿ. ಏನು ಮಾಡಲಿ?
— ಒಬ್ಬ ತಾಯಿ, ಬೆಟಗೇರಿ

ಉತ್ತರ: ತಾಯಿ, ಆಶೀರ್ವಾದಗಳು. ನಾನು ವೇದ ಪಾಠಶಾಲೆಯಲ್ಲಿ ಓದಿದವ. ಬೇರೆ ಮತದ ಮಾತು ಬಂದಾಗ ಅವರಲ್ಲೇ ಕೇಳಿ ತಿಳಿದು ಹೇಳಬೇಕು. ಪರಿಚಯದ ಪಾದ್ರಿಯೊಬ್ಬರ ಹತ್ತಿರ ಖಾತ್ರಿ ಮಾಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಬೆಟಗೇರಿಗೆ 1840ರ ದಶಕದಲ್ಲಿ ಬಂದ ಬಾಸೆಲ್ ಮಿಶನ್ನಿನವರು ಪ್ರಾಟೆಸ್ಟಂಟರು. ಅವರಲ್ಲಿ ಇಂಥ ಪದಕ ಧರಿಸುವ ರೂಢಿ ಇಲ್ಲ. ಇದು ಕ್ಯಾಥೊಲಿಕರ ಪದ್ಧತಿ. ಮಂಗಳೂರು ಕಡೆ ಅವರ ಹೆಣ್ಣುಮಕ್ಕಳು ನಮ್ಮಂತೆಯೇ ಕರಿಮಣಿ ಕಟ್ಟಿಕೊಳ್ಳುತ್ತಾರೆ. ನೀವು ಹೇಳಿದ ಗುರುತು ನೋಡಿದರೆ ನಿಮ್ಮ ಹತ್ತಿರ ಇರುವುದು ಪವಾಡ ಪದಕ ಅಂತ ಕರೆಯುವಂಥದ್ದು. ಅದರ ಅರ್ಥ ತಿಳಿಯಬೇಕಾದರೆ ಅದು ಯಾರಿಂದ ಬಂತೋ ಆ ಸಾಧ್ವಿಯ ಚರಿತ್ರೆ ತಿಳಿಯಬೇಕು.

ಅವಳ ಹೆಸರು ಕ್ಯಾಥರೀನ್ ಲಬೂರೆ. 1806ರ ಮೇ 2ರಂದು ಫ್ರಾನ್ಸ್ ದೇಶದ ಬರ್ಗಂಡಿ ಸೀಮೆಯ ಒಂದು ಹಳ್ಳಿಯಲ್ಲಿ, ದೊಡ್ಡ ಒಕ್ಕಲುತನದ ಮನೆಯಲ್ಲಿ ಹುಟ್ಟಿದಳು. ಒಂಬತ್ತು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಆ ಕೂಸು ಮನೆಯಲ್ಲಿದ್ದ ಮೇರಿ ಮಾತೆಯ ಮೂರ್ತಿಯನ್ನು ತಬ್ಬಿಕೊಂಡು, ಇನ್ನು ಮೇಲೆ ನೀನೇ ನನ್ನ ಅವ್ವ ಅಂತ ಬೇಡಿಕೊಂಡಳು ಎಂದು ಹೇಳುತ್ತಾರೆ. ಹನ್ನೆರಡರ ಸುಮಾರಿಗೆ ಇಡೀ ಮನೆಯ ಹೊರೆ ಅವಳ ತಲೆಗೆ ಬಂತು. ಅಡಿಗೆ, ದನ, ಪಾರಿವಾಳ, ಹೊಲಕ್ಕೆ ಬುತ್ತಿ. ಸಾಲಿ ಕಲಿಯಲಿಲ್ಲ. ಓದು ಬರಹ ಅಷ್ಟಿಷ್ಟು ಬಂದದ್ದು ದೊಡ್ಡವಳಾದ ಮೇಲೆ.

ಸನ್ಯಾಸಿನಿ ಆಗುತ್ತೇನೆ ಅಂದಾಗ ತಂದೆ ಒಪ್ಪಲಿಲ್ಲ. ಮನಸ್ಸು ತಿರುಗಲಿ ಅಂತ ಪ್ಯಾರಿಸ್ಸಿನಲ್ಲಿದ್ದ ಅಣ್ಣನ ಊಟದ ಅಂಗಡಿಗೆ ಕೆಲಸಕ್ಕೆ ಕಳಿಸಿದ. ಮನಸ್ಸು ತಿರುಗಲಿಲ್ಲ. ಕಡೆಗೆ 1830ರಲ್ಲಿ, 23ರ ಹರೆಯದಲ್ಲಿ, ಬಡವರ ರೋಗಿಗಳ ಸೇವೆ ಮಾಡುವ ಕನ್ಯಾಸ್ತ್ರೀಯರ ಸಂಘಕ್ಕೆ ಸೇರಿದಳು.

ಆ ವರ್ಷವೇ ನವೆಂಬರ್ 27ರಂದು ಪ್ಯಾರಿಸ್ಸಿನ ಮಠದ ಪ್ರಾರ್ಥನಾ ಮಂದಿರದಲ್ಲಿ ಅವಳಿಗೆ ಮೇರಿ ಮಾತೆಯ ದರ್ಶನವಾಯಿತು ಎಂಬುದು ಅವರ ನಂಬಿಕೆ. ಕಂಡ ರೂಪದಂತೆಯೇ ಪದಕ ಮಾಡಿಸಬೇಕು ಅಂತ ಅಪ್ಪಣೆಯೂ ಆಯಿತಂತೆ. ಅವಳು ತನ್ನ ಗುರುವಾದ ಅಲಾದೆಲ್ ಎಂಬ ಪಾದ್ರಿಗೆ ಮಾತ್ರ ಹೇಳಿದಳು. ಅವರು ಮೊದಲು ನಂಬಲೇ ಇಲ್ಲ. ಅವಳು ಬಿಡದೆ ಹೇಳಿದಳು. ಕಡೆಗೆ ಪ್ಯಾರಿಸ್ಸಿನ ಆರ್ಚ್‌ಬಿಷಪ್ಪರ ಒಪ್ಪಿಗೆ ಸಿಕ್ಕಿ, ವಾಶೆತ್ ಎಂಬ ಪತ್ತಾರ 1832ರಲ್ಲಿ ಮೊದಲ ಪದಕಗಳನ್ನು ಮಾಡಿಕೊಟ್ಟ. ಆ ವರ್ಷ ಪ್ಯಾರಿಸ್ಸಿನಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತರು. ಕನ್ಯಾಸ್ತ್ರೀಯರು ರೋಗಿಗಳಿಗೆ ಪದಕ ಹಂಚಿದರು. ಗುಣವಾದವರು ಅದನ್ನು ಪವಾಡ ಅಂತ ಕರೆದರು. ಹೆಸರು ಬಂದದ್ದು ಹಾಗೆ. ಮುಂದೆ ಪದಕ ಕೋಟಿಗಟ್ಟಲೆ ಆಗಿ ದೇಶದೇಶಕ್ಕೆ ಹೋಯಿತು.

ಈಗ ಮುಖ್ಯವಾದ ಮಾತು ಕೇಳಿ. ಪದಕ ಲೋಕವೆಲ್ಲ ಹಬ್ಬಿತು, ಕ್ಯಾಥರೀನ್ ಮಾತ್ರ ಬಾಯಿ ಬಿಡಲಿಲ್ಲ. ಪ್ಯಾರಿಸ್ಸಿನ ಅಂಚಿನ ಒಂದು ವೃದ್ಧಾಶ್ರಮದಲ್ಲಿ 40 ವರ್ಷಕ್ಕೂ ಮೇಲ್ಪಟ್ಟು ಮುದುಕರ ಹಾಸಿಗೆ ಬಳಿದಳು, ಬಟ್ಟೆ ಒಗೆದಳು, ಕೋಳಿ ದನ ನೋಡಿಕೊಂಡಳು, ಬಾಗಿಲು ಕಾದಳು. ದರ್ಶನವಾದದ್ದು ಒಬ್ಬ ಕನ್ಯಾಸ್ತ್ರೀಗೆ ಅಂತ ಎಲ್ಲರಿಗೂ ಗೊತ್ತು, ಯಾರಿಗೆ ಅಂತ ಗೊತ್ತಿಲ್ಲ. ಅವಳ ಎದುರೇ ಆ ಮಾತು ನಡೆದರೂ ಸುಮ್ಮನಿರುತ್ತಿದ್ದಳು. ಅಲಾದೆಲ್ ಪಾದ್ರಿ ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1876ರಲ್ಲಿ, ಅಂತ್ಯ ಹತ್ತಿರ ಬಂತು ಅನಿಸಿದಾಗ ಆಶ್ರಮದ ಹಿರಿಯಳಿಗೆ ಹೇಳಿದಳು. ಆ ವರ್ಷದ ಡಿಸೆಂಬರ್ 31ರಂದು ದೇಹ ಬಿಟ್ಟಳು. 1947ರಲ್ಲಿ ಅವಳನ್ನು ಸಂತಳೆಂದು ಘೋಷಿಸಿದರು.

ಇನ್ನು ಪದಕದ ಅರ್ಥ. ನಿಂತವಳು ಮೇರಿ ಮಾತೆ. ಕಾಲ ಕೆಳಗಿನ ಗೋಲ ಭೂಮಿ. ಕೈಯಿಂದ ಇಳಿಯುವ ಗೆರೆಗಳು ಕೃಪೆಯ ಕಿರಣ. ಅವಳ ಉಂಗುರಗಳಲ್ಲಿ ಕೆಲವು ಹರಳು ಬೆಳಗುತ್ತಿರಲಿಲ್ಲವಂತೆ. ಅವು ಜನ ಬೇಡಲು ಮರೆತ ವರಗಳು. ಹಿಂದೆ ಶಿಲುಬೆಯ ಕೆಳಗೆ ಹೆಣೆದುಕೊಂಡಿರುವುದು ಮೇರಿಯ ಹೆಸರಿನ ಮೊದಲ ಅಕ್ಷರ, ಮಗನ ಸಂಕಟದಲ್ಲಿ ತಾಯಿ ಜೊತೆಗಿದ್ದಳು ಅಂತ. ಮುಳ್ಳು ಸುತ್ತಿದ ಹೃದಯ ಏಸುವಿನದು, ಕತ್ತಿ ಚುಚ್ಚಿದ್ದು ತಾಯಿಯದು. ಸುತ್ತ ಹನ್ನೆರಡು ಚುಕ್ಕಿ.

ಹಾವು ಮಾತ್ರ ನಮ್ಮ ನಾಗಪ್ಪ ಅಲ್ಲ. ಅವರ ಗ್ರಂಥದಲ್ಲಿ ಆದಿ ದಂಪತಿಗಳಿಗೆ ಪಾಪದ ದಾರಿ ತೋರಿಸಿದ್ದು ಒಂದು ಸರ್ಪ. ಪದಕದಲ್ಲಿ ತುಳಿದಿರುವುದು ಆ ಪಾಪವನ್ನು. ಕೃಷ್ಣ ಕಾಳಿಂಗನ ಹೆಡೆಯ ಮೇಲೆ ಕುಣಿಯುವ ಪಟ ನಮ್ಮ ಎಷ್ಟು ಮನೆಗಳ ಗೋಡೆಯ ಮೇಲಿದೆ? ಅದರಿಂದ ಯಾರಿಗೆ ಸರ್ಪದೋಷ ಬಂತು? ಸರ್ಪದೋಷವನ್ನು ಜಾತಕದಲ್ಲಿ ರಾಹು-ಕೇತುಗಳಿಂದ, ಪಂಚಮ ಸ್ಥಾನದಿಂದ ನೋಡುತ್ತಾರೆಯೇ ಹೊರತು ಬೆಳ್ಳಿಯ ಮೇಲಿನ ಚಿತ್ರದಿಂದಲ್ಲ. ಇನ್ನೊಂದು ವಿಚಾರ ಮಾಡಿ. ನಿಮ್ಮ ಯಜಮಾನರು ಹುಟ್ಟಿದ ಗಳಿಗೆಯಲ್ಲೇ ಆ ಪದಕ ಮನೆಗೆ ಬಂತು. ನಿಮ್ಮ ನೆಗೆಣ್ಣಿಯ ಗಂಡ ಹುಟ್ಟಿದ್ದು ಆಮೇಲೆ, ಅದು ನಿಮ್ಮತ್ತಿಯ ಪೆಟ್ಟಿಗೆಯಲ್ಲಿದ್ದಾಗಲೇ! ಹಾಗಂತ ಪದಕದಿಂದಲೇ ಮಕ್ಕಳಾದವು ಅಂತಲೂ ನಾನು ಹೇಳುವುದಿಲ್ಲ.

ಮಾಡಬೇಕಾದ್ದು ಇಷ್ಟು. ಅತ್ತಿಯವರ ವರ್ಷಾಂತವನ್ನು ನಿಮ್ಮ ಪದ್ಧತಿಯಂತೆ ಮಾಡಿರಿ, ಅದಕ್ಕೂ ಪದಕಕ್ಕೂ ಸಂಬಂಧವಿಲ್ಲ. ಪದಕವನ್ನು ದೇವರ ಜಗಲಿಯ ಮೇಲೆ ಇಡುವ ವಿಧಿ ನಮ್ಮಲ್ಲಿ ಇಲ್ಲ. ಸೊಸೆಯ ಒಡವೆ ಡಬ್ಬಿಯಲ್ಲಿ ಹಿರಿಯರ ನೆನಪಾಗಿ ಇರಲಿ. ಬೇಡ ಅನಿಸಿದರೆ ಕ್ಯಾಥೊಲಿಕ್ ಚರ್ಚಿಗೋ ಆ ಮತದ ಮನೆಗೋ ಗೌರವದಿಂದ ಕೊಡಿ. ಹೊಳೆಗೆ ಒಗೆಯುವುದು, ಪತ್ತಾರನ ಹತ್ತಿರ ಕರಗಿಸುವುದು ಬೇಡ. ಒಬ್ಬರು ಭಕ್ತಿಯಿಂದ ಕೊಟ್ಟದ್ದನ್ನು ಕೆಡಿಸಬಾರದು. ಮಗ-ಸೊಸೆ ಇಬ್ಬರ ಜಾತಕವನ್ನೂ ತೋರಿಸಿ. ಅದಕ್ಕಿಂತ ಮೊದಲು ಇಬ್ಬರೂ ಡಾಕ್ಟರ ಹತ್ತಿರ ಹೋಗಲಿ, ಸೊಸೆ ಒಬ್ಬಳೇ ಅಲ್ಲ.

ಬರುವ ಪಂಚಮಿಗೆ ಸೊಸೆಯನ್ನು ಜೊತೆಗೆ ಕರೆದುಕೊಂಡು ಹೋಗಿ ನಾಗಪ್ಪಗೆ ಹಾಲೆರೆಯಿರಿ. ಅವಳ ಕಣ್ಣೀರು ಒರೆಸುವುದು ನಿಮ್ಮ ಕೈಯಲ್ಲಿದೆ ತಾಯಿ. ಅತ್ತಿ ಹರಸಿ ಕೊಟ್ಟದ್ದನ್ನು ಶಾಪ ಅಂತ ಹೇಳಿದರೆ ನೋಯುವುದು ಆ ಹಿರಿಯ ಜೀವವೇ. ಶುಭವಾಗಲಿ.