ಮಳೆಯ ರೇಸ್ ಗೆಲ್ಲಲು ಬೇಕಿರುವುದು ಗುಂಡಿಗೆಯೇ? ರುಡಾಲ್ಫ್ ಕರಾಚಿಯೋಲಾ ಕಥೆ ಓದಿ

ಮಳೆಯಲ್ಲಿ ಕಾರ್ ರೇಸ್ ಗೆಲ್ಲುವವನಿಗೆ ಭಯವೇ ಇರುವುದಿಲ್ಲ ಎಂದು ನಮ್ಮಲ್ಲಿ ಹೆಚ್ಚಿನವರು ನಂಬಿದ್ದೇವೆ. 'ಮಳೆ ಮಾಂತ್ರಿಕ' ಎಂದೇ ಹೆಸರಾಗಿದ್ದ ಜರ್ಮನಿಯ ರುಡಾಲ್ಫ್ ಕರಾಚಿಯೋಲಾ ಬದುಕನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

1936ರ ಏಪ್ರಿಲ್ 13, ಮೊನಾಕೊ. ಊರಿನ ಬೀದಿಗಳಲ್ಲೇ ನಡೆಯುವ ರೇಸ್, ಸುರಿಯುವ ಮಳೆ. ಸಾಲದ್ದಕ್ಕೆ ಒಂದು ಆಲ್ಫಾ ರೋಮಿಯೊ ಕಾರು ಶುರುವಿನಲ್ಲೇ ರಸ್ತೆ ತುಂಬ ಎಣ್ಣೆ ಸೋರಿಸಿಕೊಂಡು ಹೋಯಿತು. ಸುರಂಗ ದಾಟಿ ಬಂದರಿನ ಬಳಿಯ ತಿರುವಿಗೆ ಬರುತ್ತಿದ್ದಂತೆ ಕಾರುಗಳು ಒಂದರ ಹಿಂದೊಂದು ಜಾರಿ ಗುದ್ದಿಕೊಂಡವು. ಶಿರೋನ್, ಫರಿನಾ, ಬ್ರೌಕಿಚ್ ಅಂಥ ಘಟಾನುಘಟಿಗಳ ರೇಸ್ ಅಲ್ಲಿಗೇ ಮುಗಿಯಿತು. ಕರಾಚಿಯೋಲಾ ಮಾತ್ರ ಅದರ ನಡುವೆ ನುಸುಳಿ ಹೋದರು. ಸ್ವಲ್ಪ ಹೊತ್ತು ಇಟಲಿಯ ನುವೊಲಾರಿ ಮುಂದಿದ್ದರು. ಆದರೆ ಅವರ ಕಾರಿನ ಬ್ರೇಕ್ ಕೈಕೊಟ್ಟಿತು. 100 ಸುತ್ತು ಮುಗಿದಾಗ ಗೆದ್ದವರು ಕರಾಚಿಯೋಲಾ.

ಅಲ್ಲಿ ಆಗಿದ್ದೇನು? ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ನೀರಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಟೈರ್‌ಗೂ ರಸ್ತೆಗೂ ಮಧ್ಯೆ ಜಾರುವ ಪದರ ಬಂತೆಂದರೆ ಹಿಡಿತ ಹೋಯಿತು. (ಮೊದಲ ಮಳೆಗೆ ಬೈಕ್ ಜಾರುವುದೂ ಇದೇ ಕಾರಣಕ್ಕೆ. ತಿಂಗಳುಗಟ್ಟಲೆ ರಸ್ತೆಯಲ್ಲಿ ಕೂತ ಎಣ್ಣೆ, ಧೂಳು ನೀರಿನ ಜೊತೆ ಮೇಲೇಳುತ್ತದೆ.) ಇನ್ನೊಂದು ವಿಷಯ: ಟೈರ್‌ಗೆ ಇರುವುದು ಒಂದಿಷ್ಟೇ ಹಿಡಿತ. ಬ್ರೇಕು, ತಿರುವು, ವೇಗ ಹೆಚ್ಚಿಸುವುದು, ಮೂರೂ ಅದರಲ್ಲೇ ಹಂಚಿಕೊಳ್ಳಬೇಕು. ಒದ್ದೆ ರಸ್ತೆಯಲ್ಲಿ ಆ ಪಾಲು ಇನ್ನೂ ಚಿಕ್ಕದು. ತಿರುವಿನ ಮಧ್ಯೆ ಗಾಬರಿಯಿಂದ ಬ್ರೇಕ್ ಒತ್ತಿದವನು ತಿರುಗಿಸಲು ಬೇಕಿದ್ದ ಹಿಡಿತವನ್ನೂ ಕಳೆದುಕೊಳ್ಳುತ್ತಾನೆ. ಕರಾಚಿಯೋಲಾ ಓಡಿಸುವ ರೀತಿ ನಯವಾಗಿತ್ತು, ಸ್ಟಿಯರಿಂಗಿಗೆ ಜಗ್ಗಾಟವಿಲ್ಲ, ಪೆಡಲ್‌ಗೆ ಒದೆತವಿಲ್ಲ. ನನ್ನ ಪ್ರಕಾರ ಮಾಂತ್ರಿಕತೆ ಎಂದರೆ ಇಷ್ಟೇ.

ಅವರು ಹುಟ್ಟಿದ್ದು 1901ರಲ್ಲಿ, ರೆಮಾಗೆನ್ ಎಂಬ ಊರಿನಲ್ಲಿ, ಹೋಟೆಲ್ ನಡೆಸುವ ಮನೆಯಲ್ಲಿ. ಡ್ರೆಸ್ಡೆನ್‌ನಲ್ಲಿ ಕಾರು ಮಾರುವ ಕೆಲಸದಲ್ಲಿದ್ದಾಗಲೂ ರೇಸ್ ಓಡಿಸುತ್ತಿದ್ದರು. ಹೆಸರು ತಂದುಕೊಟ್ಟಿದ್ದು 1926ರ ಜುಲೈನಲ್ಲಿ ಬರ್ಲಿನ್‌ನ ಆವುಸ್ ರಸ್ತೆಯಲ್ಲಿ ನಡೆದ ಜರ್ಮನ್ ಗ್ರಾಂ ಪ್ರಿ. ಶುರುವಿನಲ್ಲೇ ಇಂಜಿನ್ ನಿಂತುಹೋಯಿತು, ಜೊತೆಗಿದ್ದ ಮೆಕ್ಯಾನಿಕ್ ಇಳಿದು ತಳ್ಳಬೇಕಾಯಿತು. ಆಮೇಲೆ ಮಳೆ. ಮುಂದೆ ಹೋಗುತ್ತಿದ್ದ ರೋಸೆನ್‌ಬರ್ಗರ್ ಕಾರು ಹಿಡಿತ ತಪ್ಪಿ ರೇಸ್ ಸಿಬ್ಬಂದಿಯಿದ್ದ ಗೂಡಿಗೆ ನುಗ್ಗಿತು. ಮೂವರು ಸತ್ತರು. ಕರಾಚಿಯೋಲಾಗೆ ತಾನು ಎಷ್ಟನೆಯವನು ಎಂಬುದೂ ತಿಳಿದಿರಲಿಲ್ಲ, ಸುಮ್ಮನೆ ಓಡಿಸುತ್ತಾ ಹೋದರು. ಕೊನೆಗೆ ನೋಡಿದರೆ ಗೆಲುವು ಅವರದೇ! ಆ ಬಹುಮಾನದ ಹಣದಲ್ಲಿ ಬರ್ಲಿನ್‌ನಲ್ಲಿ ಕಾರಿನ ಅಂಗಡಿ ಇಟ್ಟರು.

ಹಾಗಂತ ಅವರಿಗೆ ಏನೂ ಆಗಲೇ ಇಲ್ಲ ಅಂದುಕೊಳ್ಳಬೇಡಿ. 1933ರಲ್ಲಿ ಇದೇ ಮೊನಾಕೊದಲ್ಲಿ ಅಭ್ಯಾಸ ಮಾಡುವಾಗ ಬ್ರೇಕ್ ಕೆಟ್ಟು ಕಾರು ಗೋಡೆಗೆ ಬಡಿಯಿತು. ಬಲತೊಡೆಯ ಮೂಳೆ ಪುಡಿಯಾಯಿತು. ಕಾಲು ಕೂಡಿಕೊಂಡಾಗ ಸುಮಾರು 5 ಸೆಂ.ಮೀ. ಗಿಡ್ಡವಾಗಿತ್ತು. ಮರುವರ್ಷ ಸ್ವಿಟ್ಜರ್ಲೆಂಡ್‌ನಲ್ಲಿ ಸ್ಕೀಯಿಂಗ್‌ಗೆ ಹೋದ ಹೆಂಡತಿ ಷಾರ್ಲೊಟ್ ಹಿಮಪಾತಕ್ಕೆ ಬಲಿಯಾದರು. 1936ರ ಆ ಗೆಲುವು, 1935, 1937, 1938ರ ಯುರೋಪ್ ಚಾಂಪಿಯನ್ ಪಟ್ಟ, ಎಲ್ಲವೂ ಬಂದದ್ದು ಈ ಕುಂಟುಕಾಲಿನ ನೋವಿನ ಜೊತೆಗೇ. ಆ ಗೆಲುವುಗಳನ್ನು ನಾಜಿ ಸರ್ಕಾರ ತನ್ನ ಪ್ರಚಾರಕ್ಕೆ ಬಳಸಿಕೊಂಡಿತು ಎಂಬುದನ್ನೂ ಹೇಳಲೇಬೇಕು.

1939ರ ಜರ್ಮನ್ ಗ್ರಾಂ ಪ್ರಿಯನ್ನೂ ಮಳೆಯಲ್ಲೇ ಗೆದ್ದರು, ಅದು ಅಲ್ಲಿ ಅವರ 6ನೇ ಗೆಲುವು. 1952ರಲ್ಲಿ ಸ್ವಿಟ್ಜರ್ಲೆಂಡ್‌ನ ಬ್ರೆಮ್‌ಗಾರ್ಟನ್‌ನಲ್ಲಿ ಕಾರು ಮರಕ್ಕೆ ಬಡಿದು ಎಡಗಾಲೂ ಮುರಿಯಿತು. ಮತ್ತೆ ರೇಸಿಗಿಳಿಯಲಿಲ್ಲ. 1959ರ ಸೆಪ್ಟೆಂಬರ್ 28ರಂದು, 58ನೇ ವಯಸ್ಸಿನಲ್ಲಿ, ಲಿವರ್ ಕಾಯಿಲೆಯಿಂದ ತೀರಿಕೊಂಡರು.